ಸಾವು ಹೇಳುವವನ ಫೋನು

ನಮ್ಮಪ್ಪ ನಿಂಗಯ್ಯ ಸಾವು ಹೇಳುವವನು. ಊರಿನ ಮೇಲಿನ ಬೀದಿಯಲ್ಲಿ ಯಾರು ಸತ್ತರೂ ಅವರ ನೆಂಟರ ಊರುಗಳಿಗೆ ಹೋಗಿ ಸುದ್ದಿ ಮುಟ್ಟಿಸಬೇಕಾದವನು ಅವನು. ಇದು ಅವನು ಆರಿಸಿಕೊಂಡ ಕೆಲಸವಲ್ಲ. ಅವನಪ್ಪ ಮಾಡುತ್ತಿದ್ದ, ಅವನ ತಾತ ಮಾಡುತ್ತಿದ್ದ, ಅದಕ್ಕೆ ಇವನೂ ಮಾಡಬೇಕು. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಊರಿನ ಮಾನ ಹೋಗುತ್ತದೆ ಅಂತ ನಮ್ಮ ಕೇರಿಯವರೇ ನನ್ನ ಕೈ ತಡೆದಿದ್ದಾರೆ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುತ್ತದೆ. ಅಷ್ಟು ಸಾಕು.

ಸಾವು ಹೇಳುವುದಕ್ಕೆ ಒಂದು ಕ್ರಮ ಇದೆ. ನೆಂಟರ ಮನೆ ಇನ್ನೂ ಇಪ್ಪತ್ತು ಮಾರು ದೂರ ಇರುವಾಗಲೇ ಚಪ್ಪಲಿ ಬಿಡಬೇಕು. ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಕಟ್ಟಬೇಕು. ಅಂಗಳದ ಅಂಚಿನಲ್ಲಿ ನಿಲ್ಲಬೇಕು, ಒಳಗೆ ಕಾಲಿಡಬಾರದು. ಬೆನ್ನು ಬಗ್ಗಿಸಿ ಕೂಗಬೇಕು.

"ಇಂಥೋರ ಮನೆ ಇಂಥೋರು ಸಿವನ ಪಾದ ಸೇರ್ಕಂಡ್ರು ಬುದ್ದೀ. ಮಣ್ಣಿಗೆ ಬರ್ಬೇಕಂತೆ. ಕೇಳ್ತಾ ಬುದ್ದೀ?"

ಒಳಗಿನಿಂದ ಯಾರಾದರೂ "ಕೇಳ್ತು, ಓಗು" ಅನ್ನಬೇಕು. ಅನ್ನುವವರೆಗೆ ಅಪ್ಪ ಅಲ್ಲಿಂದ ಕದಲುವಂತಿಲ್ಲ. ಅಪ್ಪ ಬಂದು ಕೂಗುವವರೆಗೆ ಆ ಮನೆಯವರೂ ಸಾವಿಗೆ ಹೊರಡುವಂತಿಲ್ಲ. ಕರೆಯದ ಸಾವಿಗೆ ಹೋದಂತಾಗುತ್ತದಂತೆ. ಅವನು ಬೆನ್ನು ತಿರುಗಿಸಿದ ಮೇಲೆ ಮನೆಯ ಹೆಂಗಸು ಒಂದು ಚೊಂಬು ನೀರು ತಂದು ಅವನು ನಿಂತಿದ್ದ ಜಾಗಕ್ಕೆ ಹುಯ್ಯುತ್ತಾಳೆ.

ನಾನು ಚಿಕ್ಕವನಿದ್ದಾಗ ಒಮ್ಮೆ ಅಪ್ಪನ ಜೊತೆ ಮಧುವನಹಳ್ಳಿಗೆ ಹೋಗಿದ್ದೆ. ತಿರುಗಿ ನೋಡಿದೆ. ನೀರು ಹುಯ್ಯುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಅಪ್ಪ ಹೇಳಿದ್ದ: "ನಮ್ಗಲ್ಲ ಕಣ್ಲಾ. ಸುದ್ದಿಗೆ. ಸಾವು ನಿಂತಿದ್ದ ಜಾಗ ತೊಳೀತಾರೆ." ಅವನು ಅದನ್ನು ನಂಬಿದ್ದ. ನಂಬದೆ ನಲವತ್ತು ವರ್ಷ ಹಾಗೆ ನಿಲ್ಲಲು ಆಗುತ್ತಿರಲಿಲ್ಲ ಅಂತ ಈಗ ನನಗೆ ಅನ್ನಿಸುತ್ತದೆ.

ಈ ಕೆಲಸ ಎಂದೋ ಸಾಯಬೇಕಿತ್ತು. ಅಪ್ಪ ಹುಡುಗನಾಗಿದ್ದಾಗಲೇ ಊರಿಗೆ ಅಂಚೆ ಡಬ್ಬ ಬಂದಿತ್ತು. ಸಾವಿನ ಕಾರ್ಡು ಬಂದರೆ ಓದಿದ ಕೈಯಲ್ಲೇ ಹರಿದು ಬೀದಿಗೆ ಎಸೆಯುತ್ತಿದ್ದರಂತೆ. ಕಾರ್ಡು ತಲುಪುವಷ್ಟರಲ್ಲಿ ಹೆಣ ಮಣ್ಣಾಗಿ ವಾರ ಆಗಿರುತ್ತಿತ್ತು, ಹಾಗಾಗಿ ತಾತ ನಡೆದ. ಆಮೇಲೆ ಕೊಳ್ಳೇಗಾಲದಿಂದ ಸೈಕಲ್ಲಿನಲ್ಲಿ ಟೆಲಿಗ್ರಾಂ ಬರತೊಡಗಿತು. ಅದನ್ನು ಬಿಚ್ಚುವ ಮೊದಲೇ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಆದರೂ ಅಪ್ಪ ನಡೆದ. ಪಂಚಾಯ್ತಿ ಕಟ್ಟೆಗೆ ರೇಡಿಯೊ ಬಂತು. ದಿಲ್ಲಿಯಲ್ಲಿ ದೊಡ್ಡವರು ಸತ್ತರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಅದನ್ನು ಅಪ್ಪ ಕಟ್ಟೆಯ ಕೆಳಗೆ ನಿಂತು ಕೇಳಿದ. ಮೇಲೆ ಹತ್ತುವಂತಿರಲಿಲ್ಲ. ನನ್ನ ಕಾಲಕ್ಕೆ ಪಂಚಾಯ್ತಿ ಕೋಣೆಗೆ ಟಿ.ವಿ. ಬಂತು. ನಾವು ಕೇರಿಯ ಮಕ್ಕಳು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆವು. ಕಿಟಕಿಯಿಂದ ಪರದೆಯ ಅರ್ಧ ಮಾತ್ರ ಕಾಣುತ್ತಿತ್ತು. ವಾರ್ತೆ ಓದುವ ಹೆಂಗಸಿಗೆ ಒಂದೇ ಕಣ್ಣು ಅಂತ ನಾನು ಬಹಳ ದಿನ ತಿಳಿದಿದ್ದೆ.

ಆಮೇಲೆ ಎಸ್‌ಟಿಡಿ ಬೂತು, ಆಮೇಲೆ ಮೊಬೈಲು. ಹೊಸದು ಬಂದಾಗಲೆಲ್ಲ ಮೇಲಿನ ಬೀದಿಯವರು, "ನಿಂಗನ ಕಾಲ್ಗೆ ಇನ್ ರಜ ಬುಡ್ಲಾ" ಅಂತ ನಗುತ್ತಿದ್ದರು. ಮಾರನೇ ವಾರ ಯಾರೋ ಸಾಯುತ್ತಿದ್ದರು. ಅಪ್ಪ ಟವೆಲು ಕೊಡವಿ ಹೊರಡುತ್ತಿದ್ದ.

ನಾನು ಹತ್ತನೇ ಕ್ಲಾಸು ಮುಗಿಸಿ ಫೋನು ರಿಪೇರಿ ಕಲಿತೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ಅಂಗಡಿ ಇದೆ. ನಮ್ಮೂರ ಮೇಲಿನ ಬೀದಿಯವರೂ ಅಲ್ಲಿಗೆ ಬರುತ್ತಾರೆ. "ಶಂಕರ್ ಅವ್ರೇ, ಸ್ವಲ್ಪ ನೋಡಿ" ಅನ್ನುತ್ತಾರೆ. ಸಂಜೆ ಬಸ್ಸಿಳಿದು ಊರಿನ ದಾರಿ ಹಿಡಿದರೆ ಅದೇ ಬಾಯಿ "ಲೇ ಶಂಕ್ರಾ" ಅನ್ನುತ್ತದೆ. ಆ ಎರಡು ಮೈಲಿಯಲ್ಲಿ ನನ್ನ ಹೆಸರಿಗೆ ಅಂಟಿದ್ದ 'ಅವ್ರೇ' ಉದುರಿ ಹೋಗುತ್ತದೆ.

ಈಗ ಏನಾಗುತ್ತದೆ ಅಂದರೆ, ಪ್ರಾಣ ಹೋದ ಹತ್ತು ನಿಮಿಷಕ್ಕೆ ವಾಟ್ಸಾಪಿನಲ್ಲಿ ಫೋಟೊ ಬರುತ್ತದೆ. ಫೋಟೊಕ್ಕೆ ಹಾರ ಹಾಕಿರುತ್ತಾರೆ, ಪಕ್ಕದಲ್ಲಿ ಎರಡು ದೀಪ. ನೆಂಟರೆಲ್ಲ ಕೈ ಮುಗಿದ ಚಿತ್ರ ಕಳಿಸಿ ಆಗಿರುತ್ತದೆ. ಅದಾಗಿ ಮೂರು ಗಂಟೆ ಕಳೆದ ಮೇಲೆ ನಮ್ಮಪ್ಪ ಎರಡು ಬಸ್ಸು ಬದಲಿಸಿ ಬೆವೆತು ಹನೂರು ಮುಟ್ಟುತ್ತಾನೆ. ಅವರು ಫೋನು ಕೈಯಲ್ಲಿ ಹಿಡಿದುಕೊಂಡೇ, "ಗೊತ್ತು ಕಣಯ್ಯಾ. ಆದ್ರೂ ಯೋಳು" ಅನ್ನುತ್ತಾರೆ. ಅಪ್ಪ ಹೇಳುತ್ತಾನೆ. ಅವರು ಚೊಂಬು ತರುತ್ತಾರೆ.

"ಅದೇ ಸುದ್ದಿ ಫೋನೂ ತಂತಲ್ಲಪ್ಪ. ಅದ್ಕೆ ಯಾಕೆ ನೀರ್ ಉಯ್ಯಲ್ಲ? ಜೇಬ್ಗೆ ಇಟ್ಕತಾರಲ್ಲ?" ಅಂತ ನಾನು ಒಂದು ದಿನ ರೇಗಿದೆ.

"ಅದು ಯಂತ್ರ ಕಣ್ಲಾ" ಅಂದ ಅಪ್ಪ. "ಸಾವ್ ತಕಂಡ್ ಬಂದ ಮನ್ಸ ನಿಂತ ಜಾಗಕ್ಕೆ ಉಯ್ಯಾದು."

ಹೋದ ವರ್ಷ ಅಪ್ಪನ ಬಲಗಾಲಿನ ಹಿಮ್ಮಡಿ ಒಡೆದು ಕೀವು ತುಂಬಿತ್ತು. ಅದೇ ವಾರ ವೃಷಭೇಂದ್ರಪ್ಪನ ತಮ್ಮ ಸತ್ತ. ವೃಷಭೇಂದ್ರಪ್ಪ ಮೇಲಿನ ಬೀದಿಯ ದೊಡ್ಡಮನೆಯ ಯಜಮಾನ. ಊರ ಸುತ್ತ ಕಣ್ಣು ಹಾಯಿಸಿದಷ್ಟು ಗದ್ದೆ ಅವನದು. ಮನೆಯ ಮಾತು ನಡೆಸುವವನು ಮಾತ್ರ ಅವನ ಮಗ ಮಹದೇವಪ್ರಸಾದ್.

ಅಪ್ಪನಿಗೆ ನಾನು ಒಂದು ಬಟನ್ ಫೋನು ಕೊಟ್ಟಿದ್ದೆ. ನೆಲಕ್ಕೆ ಕಾಲೂರಲು ಆಗದೆ ಅಪ್ಪ ಅದನ್ನೇ ನೋಡುತ್ತಾ ಕೂತ. ಸುದ್ದಿ ಮುಟ್ಟಿಸುವುದು ತಾನೇ ಕೆಲಸ ಅಂದುಕೊಂಡ. ಹನೂರಿನ ನೆಂಟರ ನಂಬರನ್ನು ನನ್ನಿಂದಲೇ ಒತ್ತಿಸಿಕೊಂಡ. ಆಮೇಲೆ ಅವನು ಮಾಡಿದ್ದನ್ನು ನೋಡಿ ನನಗೆ ನಗು ಬಂತು, ನಗು ಅರ್ಧಕ್ಕೆ ನಿಂತುಹೋಯಿತು. ನಮ್ಮ ಮನೆಯೊಳಗೇ ಅಪ್ಪ ಟವೆಲನ್ನು ಸೊಂಟಕ್ಕೆ ಕಟ್ಟಿದ. ಗೋಡೆ ಹಿಡಿದು ಒಂಟಿಕಾಲಲ್ಲಿ ಎದ್ದು ನಿಂತ. ಬೆನ್ನು ಬಗ್ಗಿಸಿದ. ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಅಂಗಳದ ಅಂಚಿನಲ್ಲಿ ನಿಂತವನ ಹಾಗೆ ಕೂಗಿದ. "ಕೇಳ್ತಾ ಬುದ್ದೀ?" ಅಂದು ಕಾದ. ಆ ಕಡೆಯಿಂದ ಉತ್ತರ ಬರಲಿಲ್ಲ. ಫೋನು ಇಟ್ಟಿದ್ದರು.

ಹನೂರಿನವರು ಮಣ್ಣಿಗೆ ಬರಲಿಲ್ಲ. ಬದಲಿಗೆ ಮಾತು ಬಂತು. "ಆಳು ಕಳಿಸ್ಲಿಲ್ಲ. ಕಳಿಸ್ದೆ ಇದ್ರೆ ಇರ್ಲಿ, ನಿಮ್ಮ ಕೇರಿಯೋನು ನಮ್ಮ ಕಿವೀಗೆ ಬಾಯಿಟ್ಟು ಮಾತಾಡ್ದ."

ಇಪ್ಪತ್ತು ಮಾರು ದೂರ ನಿಲ್ಲಬೇಕಾದವನ ದನಿ ಫೋನಿನಲ್ಲಿ ನೇರ ಕಿವಿಯೊಳಗೆ ಹೋಗಿತ್ತು. ತಪ್ಪು ಅದು. ಅಪ್ಪನನ್ನು ಪಂಚಾಯ್ತಿ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲಿಸಿದರು. ತಪ್ಪಾಯಿತು ಅನ್ನಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಹನೂರಿಗೆ ಬಸ್ಸು ಹತ್ತದೆ ಬರಿಗಾಲಲ್ಲಿ ನಡೆದು ಹೋಗಿ, ಮಣ್ಣಾಗಿ ಮೂರು ದಿನವಾದವನ ಸಾವನ್ನು ಮತ್ತೆ ಹೇಳಿ ಬರಬೇಕು ಅಂದರು. ಕೀವು ಸೋರುವ ಕಾಲಲ್ಲಿ ಅಪ್ಪ ಹೋದ. ಒಂದು ಹಗಲು ಒಂದು ರಾತ್ರಿ ಹಿಡಿಯಿತು. ನಾನು ಜೊತೆಗೆ ಹೊರಟರೆ "ಸುಮ್ನಿರ್ಲಾ, ಇನ್ನೊಂದ್ ತಂದಿಕ್ಬ್ಯಾಡ" ಅಂದ. ನಾನು ಸುಮ್ಮನಿದ್ದೆ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ. ನಾನು ಸುಮ್ಮನಿದ್ದೆ.

ಅಂದಿನಿಂದ ಒಂದು ಹೊಸ ನಿಯಮ ಬಂತು. ಸಾವು ಹೇಳಲು ಹೊರಡುವ ಮೊದಲು ಅಪ್ಪ ತನ್ನ ಫೋನನ್ನು ದೊಡ್ಡಮನೆಯ ಜಗಲಿಯ ಅಂಚಿನಲ್ಲಿಡಬೇಕು. ಮಹದೇವಪ್ರಸಾದ್ ಅದನ್ನು ಗೋಡೆಯ ಗೂಡಿನಲ್ಲಿ, ದೀಪ ಇಡುವ ಜಾಗದ ಪಕ್ಕ ಇಡುತ್ತಿದ್ದ. ಕೆಲಸ ಮುಗಿಸಿ ಬಂದ ಮೇಲೆ ತಿರುಗಿ ಕೊಡುತ್ತಿದ್ದ. ಅಪ್ಪ ದಾರಿಯಲ್ಲಿ ಎಲ್ಲಾದರೂ ಕೂತು ಫೋನಿನಲ್ಲೇ ಸಾವು ಹೇಳಿಬಿಟ್ಟಾನು ಅಂತ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮವ್ವ ಬಸವಮ್ಮ ಮಲಗಿದಳು. ನಾಲ್ಕು ದಿನ ಬಿಡದ ಜ್ವರ. ಐದನೇ ದಿನ ಬೆಳಗ್ಗೆ ಉಸಿರು ಎಳೆಯುವಾಗ ಎದೆಯಿಂದ ಗೊರಗೊರ ಸದ್ದು ಬರತೊಡಗಿತು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗೋಣ ಅಂತ ನಾನು ಆಟೊಗೆ ಹೇಳಿದ್ದೆ. ನನ್ನ ಹೆಂಡತಿ ಮಂಗಳ ಅವ್ವನಿಗೆ ಗಂಜಿ ಕುಡಿಸುತ್ತಿದ್ದಳು. ಆಗ ಕೇರಿಯ ಬಾಯಲ್ಲಿ ಬೈಕಿನ ಹಾರನ್ನು ಕೇಳಿಸಿತು. ಮಹದೇವಪ್ರಸಾದ್ ಕೇರಿಯೊಳಗೆ ಬರುವುದಿಲ್ಲ. ಹಾರನ್ನು ಬಡಿದರೆ ನಾವು ಹೋಗಬೇಕು. ಅಪ್ಪ ಹೋದ. ನಾನು ಹಿಂದೆ ಹೋದೆ.

"ಲೇ ನಿಂಗ, ಅವ್ವ ಓಗ್ಬುಟ್ರು" ಅಂದ. ಅವನ ಕಣ್ಣು ಕೆಂಪಾಗಿತ್ತು. ಸತ್ತವಳು ವೃಷಭೇಂದ್ರಪ್ಪನ ಹೆಂಡತಿ ಚನ್ನಾಜಮ್ಮ. ಹನೂರು ಅವಳ ತವರು. ಅವಳು ಕೆಟ್ಟವಳಲ್ಲ ಅಂತ ನಮ್ಮವ್ವನೇ ಹೇಳುತ್ತಿದ್ದಳು. ಮೇಲಿನಿಂದ ಬೊಗಸೆಗೆ ಮಜ್ಜಿಗೆ ಹುಯ್ಯುವಾಗ ಚೆಲ್ಲಬಾರದು ಅಂತ ಬಗ್ಗಿ ಹುಯ್ಯುತ್ತಿದ್ದಳಂತೆ.

"ಅಯ್ಯೋ ಸಿವನೇ" ಅಂದ ಅಪ್ಪ. ಆಮೇಲೆ ಕೈ ಮುಗಿದ. "ಬುದ್ದಿ, ಬಸವಿಗೆ ಉಸ್ರೇ ಸಿಕ್ತಿಲ್ಲ. ಈವತ್ತೊಂದಿನ ಬ್ಯಾರೆ ಯಾರ್ನಾರ ಕಳ್ಸಿ."

"ಬ್ಯಾರೆಯೋರು ಓದ್ರೆ ತವರ್ನೋರು ಎದ್ ಬತ್ತಾರೇನ್ಲಾ? ಓದೊರ್ಸ ಆದದ್ದು ಮರ್ತೋಯ್ತಾ? ಅನೂರು, ಮಧುವನಳ್ಳಿ, ಧನಗೆರೆ. ಮೂರೇ ಊರು. ಬಸ್ಸಲ್ಲಿ ಓಗಿ ಮದ್ಯಾನ್ನಕ್ಕೆ ಬಾ. ಫೋನ್ ತಂದ್ ಇಟ್ಬುಟ್ಟು ಓಗು."

ನಾನು ಬಾಯಿ ತೆರೆದೆ. ಅಪ್ಪ ನನ್ನ ಕೈ ಅದುಮಿದ. ಮನೆಯೊಳಗೆ ಬಂದು ಟವೆಲು ಹುಡುಕಿದ. ಅವ್ವ ಚಾಪೆಯ ಮೇಲಿಂದ ನೋಡುತ್ತಿದ್ದಳು.

"ಓಗ್ಬ್ಯಾಡಿ" ಅಂದಳು. "ಸತ್ತೋಳು ಕಾಯ್ತಾಳೆ. ನಾನ್ ಕಾಯಾಕಿಲ್ಲ."

"ಬಿರ್ರನೆ ಬಂದ್ಬುಡ್ತೀನಿ ಕಣಮ್ಮಿ. ಏನಾರ ಆದ್ರೆ ಮಗ ಫೋನ್ ಮಾಡ್ತಾನೆ."

"ಫೋನ್ ಎಲ್ಲಿರ್ತದೆ?" ಅಂದಳು ಅವ್ವ. ಅಪ್ಪ ಫೋನು ಕೈಗೆ ತೆಗೆದುಕೊಂಡು ಹೊರಟ.

ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದ ಆಟೊ ಹನ್ನೆರಡೂವರೆಗೆ ಬಂತು. ಅವ್ವನನ್ನು ನಾನು ಎತ್ತಿಕೊಂಡೆ. ಹಗುರವಾಗಿದ್ದಳು. ಹೊಸ್ತಿಲು ದಾಟುವಾಗ ನನ್ನ ಅಂಗಿಯ ಕಾಲರು ಹಿಡಿದಳು. ಏನೋ ಕೇಳುವವಳ ಹಾಗೆ ಬಾಯಿ ತೆರೆದಳು. ಕಾಲರು ಹಿಡಿದ ಕೈ ಜಾರಿತು. ಆಟೊದವನು ತಲೆಯ ಮೇಲಿನ ಬಟ್ಟೆ ತೆಗೆದು ಪಕ್ಕಕ್ಕೆ ನಿಂತ. 

ನಾನು ಅಪ್ಪನ ಫೋನಿಗೆ ಹೊಡೆದೆ. ಅದು ದೊಡ್ಡಮನೆಯ ಗೂಡಿನಲ್ಲಿದೆ ಅಂತ ಗೊತ್ತಿತ್ತು, ಆದರೂ ಹೊಡೆದೆ. ಯಾರಾದರೂ ಎತ್ತಲಿ, ಯಾರಾದರೂ ಹೇಳಲಿ ಅಂತ. ಹದಿಮೂರು ಸಲ ಪೂರ್ತಿ ಬಡಿದು ನಿಂತಿತು. ಹದಿನಾಲ್ಕನೇ ಸಲಕ್ಕೆ ಎತ್ತಿದರು.

"ಯಾರು?" ಮಹದೇವಪ್ರಸಾದನ ದನಿ.

"ಸಾ, ನಾನು ಶಂಕರ. ನಿಂಗಯ್ಯನ ಮಗ. ನಮ್ಮವ್ವ ತೀರ್ಕಂಡ್ರು ಸಾ. ಅಪ್ಪ ಬಂದ್ ತಕ್ಷಣ ಮನೆಗೆ ಕಳ್ಸಿ ಸಾ."

ಅವನ ಹಿಂದೆ ಹೆಂಗಸರು ಅಳುತ್ತಿದ್ದರು.

"ಇನ್ನೂ ಬಂದಿಲ್ಲ ಕಣಪ್ಪ. ಬಸ್ಸಲ್ಲವ್ನೇನೋ. ಬಂದೇಟ್ಗೇ ಯೋಳಿ ಕಳಿಸ್ತೀನಿ. ಧೈರ್ಯವಾಗಿರು."

"ಥ್ಯಾಂಕ್ಸ್ ಸಾ" ಅಂದೆ. ಹೌದು, ಅಂದೆ. ಅವನ ಮನೆಯಲ್ಲೂ ತಾಯಿ ಸತ್ತಿದ್ದಾಳೆ, ಇವನಿಗೂ ಗೊತ್ತಾಗುತ್ತದೆ ಅಂದುಕೊಂಡೆ. ದಿನಾ ಹತ್ತು ಫೋನು ಬಿಚ್ಚಿ ಒಳಗಿನದ್ದು ನೋಡುವ ನಾನು ಆ ದನಿಯೊಳಗೆ ಏನಿದೆ ಅಂತ ನೋಡದೆ ನಂಬಿದೆ. ಆಗ ಗಂಟೆ ಒಂದು ಹತ್ತು.

ಆಮೇಲೆ ನಾನು ಎಲ್ಲರಿಗೂ ಫೋನು ಮಾಡಿದೆ. ಯಳಂದೂರಿನ ಪಕ್ಕದಲ್ಲಿರುವ ಅವ್ವನ ತವರಿಗೆ, ನನ್ನ ತಂಗಿಗೆ, ಚಿಕ್ಕಪ್ಪನ ಮಕ್ಕಳಿಗೆ. ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ಮನೆಗೆ ಸುದ್ದಿ ಹೋಯಿತು. ನಾಲ್ಕು ಗಂಟೆಗೆಲ್ಲ ಮಾವ ಬಂದು ಅವ್ವನ ತಲೆಯ ಹತ್ತಿರ ಕೂತಿದ್ದ. ಪಕ್ಕದ ಮನೆಯ ಪುಟ್ಟಮಾದಪ್ಪ ಚಪ್ಪರಕ್ಕೆ ಗಳ ನೆಟ್ಟ. ಅಪ್ಪ ಮಾತ್ರ ಬರಲಿಲ್ಲ. ಐದಕ್ಕೆ ಮೇಲಿನ ಬೀದಿಯಲ್ಲಿ ಚನ್ನಾಜಮ್ಮನ ಮೆರವಣಿಗೆಯ ವಾದ್ಯ ಕೇಳಿಸಿತು. ಬಸ್ಸು ಕೆಟ್ಟಿರಬೇಕು ಅಂತ ಪುಟ್ಟಮಾದಪ್ಪ ಅಂದ. ನಾನೂ ಹಾಗೇ ಅಂದುಕೊಂಡೆ.

ಆರು ಗಂಟೆಯ ಸುಮಾರಿಗೆ ಅಪ್ಪ ಕೇರಿಯ ಬಾಯಲ್ಲಿ ಕಂಡ. ತೊಡೆಯವರೆಗೆ ಕೆಂಪು ಮಣ್ಣು. ಕೈ, ಮೊಣಕೈ, ಹಣೆ, ಎಲ್ಲ ಮಣ್ಣು. ಕುಂಟುತ್ತಾ ಬರುತ್ತಿದ್ದವನು ಚಪ್ಪರ ನೋಡಿ ನಿಂತ. ಚಪ್ಪರ ನಮ್ಮ ಮನೆಗೂ ಪುಟ್ಟಮಾದಪ್ಪನ ಮನೆಗೂ ನಡುವೆ ಇತ್ತು.

"ಯಾರ್ಲಾ ಮಾದಪ್ಪ?" ಅಂದ. ಕೈ ತಾನಾಗಿ ಹೆಗಲ ಟವೆಲಿಗೆ ಹೋಯಿತು. "ಯಾವ್ಯಾವ್ ಊರ್ಗೆ ಯೋಳ್ಬೇಕು?"

ಪುಟ್ಟಮಾದಪ್ಪ ಬಾಯಿಗೆ ಬಟ್ಟೆ ಹಿಡಿದುಕೊಂಡ. ಅಪ್ಪ ನನ್ನನ್ನು ನೋಡಿದ, ನನ್ನ ಮಾವನನ್ನು ನೋಡಿದ. ಎದ್ದೂ ಬಿದ್ದೂ ಒಳಗೆ ಓಡಿದ.

ಅಳಲಿಲ್ಲ. ಅವ್ವನ ಕಾಲ ಬಳಿ ಕೂತು ಪಾದ ಹಿಡಿದು ನೋಡಿದ. ನೂರಾರು ಸಾವು ಕಂಡವನು. "ಮದ್ಯಾನ್ನ ಒಂದರ ಒಳ್ಗೇ ಓಗವ್ಳೆ" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ನಂಗ್ಯಾಕ್ಲಾ ಯೋಳ್ಲಿಲ್ಲ?"

ನಾನು ಹೇಳಿದೆ. ಹದಿನಾಲ್ಕು ಸಲ ಹೊಡೆದದ್ದು, ಎತ್ತಿದ್ದು ಯಾರು, ಎಷ್ಟು ಗಂಟೆಗೆ, ಏನಂದರು. ಅಪ್ಪ ಜೇಬಿನಿಂದ ಆ ಫೋನು ತೆಗೆದು ನನ್ನ ಕೈಗಿಟ್ಟ. ಅವನಿಗೆ ಓದಲು ಬರುವುದಿಲ್ಲ. ನಾನು ಪರದೆಯ ಮೇಲೆ ತೋರಿಸಿದೆ. ಎತ್ತದ ಕರೆ ಹದಿಮೂರು. ಎತ್ತಿದ ಕರೆ ಒಂದು. ಒಂದು ಗಂಟೆ ಹತ್ತು ನಿಮಿಷ.

ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ.

"ಎಲ್ಡ್ ಗಂಟೆಗೆ ನಾನು ಅವ್ರ ಜಗಲಿ ಮುಂದ್ಲೇ ನಿಂತಿದ್ದೆ ಕಣ್ಲಾ" ಅಂದ. "ಫೋನ್ ಕೊಡಿ ಬುದ್ದಿ, ಬಸವಿ ಎಂಗವ್ಳೋ ಅಂದೆ. ಅವ್ಳಿಗೇನ್ಲಾ ಆಗದೆ, ಗುದ್ದಲಿ ತಕ, ಗುಂಡಿ ಆದ್ಮೇಲೆ ಕೊಡ್ತೀನಿ ಅಂದ. ನಾನು ತಕಂಡೆ. ತೋಡಿ, ಮುಚ್ಚಿ, ನಾಲ್ಕ್ ಗಂಟೆ ಮಣ್ಣಲ್ಲೇ ಇದ್ದೆ."

ನಾಲ್ಕು ಗಂಟೆ. ದೊಡ್ಡಮನೆಯ ತೋಟದಲ್ಲಿ ಆಳುದ್ದ ಗುಂಡಿ ತೋಡಿದ. ಸತ್ತವರನ್ನು ಕೂರಿಸಲು ಬದಿಯಲ್ಲಿ ಗೂಡು ಕೊರೆದ. ಮಣ್ಣು ಮುಚ್ಚಿದ. ಅವನ ಹೆಂಡತಿ ಅಷ್ಟು ಹೊತ್ತೂ ಇಲ್ಲಿ ನೆಲದ ಮೇಲೆ ಮಲಗಿದ್ದಳು. ಹೇಳಿದ್ದರೆ ಅವನು ಗುದ್ದಲಿ ಎಸೆದು ಮನೆಗೆ ಓಡುತ್ತಿದ್ದ. ಗುಂಡಿ ತೋಡುವವರು ಇರುತ್ತಿರಲಿಲ್ಲ. ಇದರಲ್ಲಿ ತಿಳಿಯದ್ದೇನೂ ಇಲ್ಲ. ಸೂರಿಗೆ ಸಿಕ್ಕಿಸಿದ್ದ ಕತ್ತಿ ನನ್ನ ಕಣ್ಣಿಗೆ ಬಿತ್ತು. ಮಂಗಳ ಅದನ್ನು ತೆಗೆದು ಅಟ್ಟಕ್ಕೆ ಎಸೆದಳು.

"ಅವ್ಳ ತವ್ರಿಗೆ ಯಾರ್ ಓಗಿದ್ರು?" ಅಪ್ಪ ಕೇಳಿದ.

"ಫೋನ್ ಮಾಡ್ದೆ ಅಪ್ಪ."

"ಯಾರೂ ನಡೀಲಿಲ್ವಾ?"

ಊರಿನವರ ಸಾವಿಗೆಲ್ಲ ಕಾಲು ಸವೆಸಿದವನ ಹೆಂಡತಿಯ ಸಾವಿಗೆ ಒಂದು ಹೆಜ್ಜೆ ನಡೆದವರಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಅಪ್ಪ ಅವ್ವನ ಪಾದಕ್ಕೆ ಬಟ್ಟೆ ಸರಿಮಾಡಿದ. ಎದ್ದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಮೆಟ್ಟಿಕೊಂಡ.

"ನಡಿ" ಅಂದ.

ದೊಡ್ಡಮನೆಯ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಇನ್ನೂ ಬೆಳಕಿತ್ತು. ಅಪ್ಪ ಬೆಳಗ್ಗೆ ಕರೆದು ಬಂದ ಮೂರೂರಿನ ನೆಂಟರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ವೃಷಭೇಂದ್ರಪ್ಪ ಜಗಲಿಯ ಕಂಬಕ್ಕೆ ಒರಗಿದ್ದ. ಮಹದೇವಪ್ರಸಾದ್ ಪಕ್ಕದಲ್ಲಿ ಫೋನು ನೋಡುತ್ತಾ ನಿಂತಿದ್ದ. ಅಪ್ಪ ಅಂಗಳದ ಅಂಚಿನಲ್ಲಿ ನಿಲ್ಲಲಿಲ್ಲ. ಟವೆಲು ಹೆಗಲಿನಿಂದ ಇಳಿಸಲಿಲ್ಲ. ಚಪ್ಪಲಿಯಲ್ಲೇ ನಡೆದು ಶಾಮಿಯಾನದ ನಡುಮಧ್ಯಕ್ಕೆ ಹೋದ.

"ಲೇಯ್, ಎಕ್ಕಡ!" ಯಾರೋ ಕೂಗಿದರು.

ಅಪ್ಪ ಬೆನ್ನು ನೆಟ್ಟಗೆ ಮಾಡಿದ. ಅವನು ಅಷ್ಟು ಎತ್ತರ ಇದ್ದಾನೆ ಅಂತ ನನಗೇ ಗೊತ್ತಿರಲಿಲ್ಲ.

"ಕೇರಿ ನಿಂಗಯ್ಯನ ಮನೆ ಬಸವಮ್ಮ ಸಿವನ ಪಾದ ಸೇರ್ಕಂಡ್ರು. ನಾಳೆ ಒತ್ತಾರೆ ಒಂಬತ್ತಕ್ಕೆ ಮಣ್ಣು. ಬರ್ಬೇಕಂತೆ. ಕೇಳ್ತಾ?"

ಬುದ್ದಿ ಅನ್ನಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ನಮ್ಮ ಕೇರಿಯ ಸಾವನ್ನು ಆ ಅಂಗಳದಲ್ಲಿ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

"ಏನ್ಲಾ ನಿಂಗ, ತಲೆ ಕೆಟ್ಟದಾ?" ಮಹದೇವಪ್ರಸಾದ್ ಕೆಳಗಿಳಿದ. "ದುಕ್ಕದಲ್ಲಿದೀಯೆ, ಮನೆಗ್ ಓಗು. ನಾಳಿಕ್ ಮಾತಾಡಾಣ."

"ಒಂದ್ ಗಂಟೇಲೇ ನಿಮ್ಗೆ ಸುದ್ದಿ ಬಂದಿತ್ತು" ಅಂದ ಅಪ್ಪ. "ಫೋನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ ಅಂತ ನೀವೇ ಕಟ್ಟೆ ಮುಂದೆ ನಿಲ್ಸಿ ಯೋಳಿದ್ರಿ. ಅದ್ಕೇ ಆಳೇ ಬಂದವ್ನೆ. ಕೇಳ್ತಾ?"

ಅಪ್ಪ ಕದಲಲಿಲ್ಲ. ಉತ್ತರ ಬರುವವರೆಗೆ ನಿಲ್ಲುವುದು ಅವನಿಗೆ ಹೊಸದಲ್ಲ. ನಾನು ಅವನ ಪಕ್ಕ ಹೋಗಿ ನಿಂತೆ. ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಹನೂರಿನ ಮುದುಕ, ಚನ್ನಾಜಮ್ಮನ ಅಣ್ಣ, ಎಷ್ಟೋ ವರ್ಷದಿಂದ ಅಪ್ಪನ ಕೂಗಿಗೆ ಉತ್ತರ ಕೊಟ್ಟು ಅಭ್ಯಾಸವಾದವನು, ಬಾಯಿ ತಪ್ಪಿ ಅಂದುಬಿಟ್ಟ:

"ಕೇಳ್ತು, ಓಗು."

"ಕೇಳ್ತಲ್ಲ" ಅಂದ ಅಪ್ಪ. "ನಲ್ವತ್ತೊರ್ಸ ನಿಮ್ ಸಾವ್ಗೆ ನಾನ್ ನಡ್ದೆ. ನಾಳೆ ನನ್ ಎಂಡ್ರು ಸಾವ್ಗೆ ನೀವ್ ನಡೀರಿ. ಇನ್ಮೇಲೆ ನಿಮ್ ಸಾವ ನೀವೇ ಯೋಳ್ಕಳಿ. ಗುಂಡೀನೂ ನೀವೇ ತೋಡ್ಕಳಿ. ನಾನ್ ಬರಾಕಿಲ್ಲ. ನನ್ ಮಗನೂ ಬರಾಕಿಲ್ಲ."

ಮಹದೇವಪ್ರಸಾದನ ಹೆಂಡತಿ ನಾಗಶ್ರೀ ಆ ಹೊತ್ತಿಗೆ ಚೊಂಬು ಹಿಡಿದು ಬಾಗಿಲಿಗೆ ಬಂದಿದ್ದಳು. 'ಓಗು' ಅಂದಮೇಲೆ ನೀರು ತರುವುದು ರೂಢಿ. ಅಪ್ಪ ಇನ್ನೂ ನಿಂತಿರುವುದು ನೋಡಿ ಏನು ಮಾಡಬೇಕೋ ತಿಳಿಯದೆ ಮೆಟ್ಟಿಲಲ್ಲೇ ನಿಂತಳು. ಅಪ್ಪ ಹತ್ತಿರ ಹೋದ. ಅವಳ ಕೈಯಿಂದ ಚೊಂಬು ತೆಗೆದುಕೊಂಡ. ಒಂದು ಕಾಲಿಗೆ ಹುಯ್ದುಕೊಂಡ, ಇನ್ನೊಂದು ಕಾಲಿಗೆ ಹುಯ್ದುಕೊಂಡ. ಚನ್ನಾಜಮ್ಮನ ಗುಂಡಿಯ ಕೆಂಪು ಮಣ್ಣು ಅವರ ಅಂಗಳದಲ್ಲೇ ಹರಿಯಿತು. ಖಾಲಿ ಚೊಂಬನ್ನು ಮೆಟ್ಟಿಲ ಮೇಲಿಟ್ಟು ತಿರುಗಿದ. ಹಿಂದಿನಿಂದ ಬೈಗುಳ ಬಂತು, ಒಂದು ಕುರ್ಚಿ ಬಂದು ನನ್ನ ಬೆನ್ನಿಗೆ ಬಡಿಯಿತು. ವೃಷಭೇಂದ್ರಪ್ಪ ಕಂಬದಿಂದ ಏಳಲಿಲ್ಲ, ಮಗನನ್ನು ತಡೆಯಲೂ ಇಲ್ಲ.

ಬೆಳಗ್ಗೆ ಮಣ್ಣಿಗೆ ಮೇಲಿನ ಬೀದಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಅಪ್ಪ ಹತ್ತೂವರೆವರೆಗೆ ಹೆಣ ಎತ್ತಲು ಬಿಡದೆ ದಾರಿ ನೋಡಿದ. ಅವರು ಬರುತ್ತಾರೆ ಅಂತ ಅವನಿಗೆ ಅನ್ನಿಸಿತ್ತೋ ಏನೋ. ನನಗೆ ಅನ್ನಿಸಿರಲಿಲ್ಲ.

ಮೂರನೇ ದಿನದಿಂದ ನಮ್ಮ ಮನೆಯವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಊರಿನ ಅಂಗಡಿಯಲ್ಲಿ ಮಂಗಳನಿಗೆ ಉಪ್ಪು ಕೊಡಲಿಲ್ಲ. ಯಾಕೆ ಅಂತ ನನಗೆ ಗೊತ್ತಾದದ್ದು ವಾರದ ಮೇಲೆ. ಮೇಲಿನ ಬೀದಿಯ ಒಬ್ಬರು ಗಾಜು ಒಡೆದ ಫೋನು ತಂದಿದ್ದರು. "ಶಂಕರ್ ಅವ್ರೇ, ಬೇಗ ಆಗ್ಬೇಕು" ಅಂದು ಹೋದರು. ಹೊಸ ಗಾಜು ಕೂರಿಸಿ ಆನ್ ಮಾಡಿದೆ. ಊರಿನ ವಾಟ್ಸಾಪ್ ಗುಂಪು ತೆರೆದುಕೊಂಡಿತು. ಇನ್ನೂರ ಹನ್ನೆರಡು ಜನರಿರುವ ಗುಂಪಿನಲ್ಲಿ ನಮ್ಮ ಕೇರಿಯ ಒಬ್ಬರೂ ಇಲ್ಲ. ನಿಂಗಯ್ಯನ ಮನೆಗೆ ಯಾರೂ ಕೆಲಸ ಕೊಡಕೂಡದು, ಸಾಮಾನು ಕೊಡಕೂಡದು, ಮಾತಾಡಿಸಕೂಡದು ಅಂತ ಮಹದೇವಪ್ರಸಾದ್ ಬರೆದಿದ್ದ. ಕೆಳಗೆ ಸಾಲಾಗಿ ಹೆಬ್ಬೆರಳಿನ ಚಿತ್ರಗಳು. ನಮ್ಮ ಬಹಿಷ್ಕಾರದ ಸುದ್ದಿ ಚೆನ್ನಾಗಿ ಕಾಣಿಸುವ ಹಾಗೆ ನಾನೇ ಗಾಜು ಹಾಕಿಕೊಟ್ಟಿದ್ದೆ.

ಆಷಾಢದಲ್ಲಿ ವೃಷಭೇಂದ್ರಪ್ಪ ಸತ್ತ.

ಹಾರ ಹಾಕಿದ ಫೋಟೊ ಬೆಳಗ್ಗೆ ಆರಕ್ಕೇ ಎಲ್ಲೆಡೆ ಹೋಯಿತು. ಹನೂರಿನವರು ನೋಡಿದರು, ಕೈ ಮುಗಿದ ಚಿತ್ರ ಕಳಿಸಿದರು, ಮಿಂದು ಬಟ್ಟೆ ಹಾಕಿಕೊಂಡು ಕೂತರು. ಹೊರಡಲಿಲ್ಲ. ಆಳು ಬಂದಿರಲಿಲ್ಲ. ಈ ಕಡೆ ಬೈಕಿನ ಹಾರನ್ನು ನಮ್ಮ ಕೇರಿಯ ಬಾಯಲ್ಲಿ ಅರ್ಧ ಗಂಟೆ ಬಡಿಯಿತು. ಅಪ್ಪ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದ. ಪುಟ್ಟಮಾದಪ್ಪ ಬಾಗಿಲು ಹಾಕಿಕೊಂಡ. ಕೇರಿಯ ಯಾವ ಬಾಗಿಲೂ ತೆರೆಯಲಿಲ್ಲ. ಮಧ್ಯಾಹ್ನದವರೆಗೆ ಹೆಣ ಜಗಲಿಯಲ್ಲೇ ಕೂತಿತ್ತು. ಸುದ್ದಿ ಎಲ್ಲರ ಜೇಬಿನಲ್ಲಿತ್ತು, ಎದ್ದು ಹೊರಡುವವರು ಯಾರೂ ಇರಲಿಲ್ಲ.

ಆಮೇಲೆ ಆದದ್ದನ್ನು ನನಗೆ ಹೇಳಿದವನು ಹನೂರಿನ ಒಬ್ಬ ಗಿರಾಕಿ, ಚಾರ್ಜರು ಕೊಳ್ಳಲು ಬಂದವನು. ಆ ನೆಂಟರ ಎದುರುಮನೆಯವನಂತೆ. "ಕೊನೆಗೆ ಮಗನೇ ಕಾರಲ್ಲಿ ಬಂದ ಕಣ್ರಿ" ಅಂತ ನಗುತ್ತಾ ಹೇಳಿದ. "ಚಪ್ಪಲಿ ಬುಟ್ಟು, ಅಂಗಳದಲ್ಲಿ ನಿಂತ್ಕಂಡು, ಅಪ್ಪ ಸಿವನ ಪಾದ ಸೇರ್ಕಂಡ್ರು, ಮಣ್ಣಿಗೆ ಬರ್ಬೇಕು ಅಂದ. ಆಮೇಲೇ ಅವ್ರೆಲ್ಲ ಎದ್ರು."

ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅವನು ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿದ.

"ಅವ್ನು ನಿಂತ ಜಾಗಕ್ಕೆ ನೀರ್ ಉಯ್ದ್ರಂತಾ?"

ಅದನ್ನು ನಾನು ಕೇಳಿರಲಿಲ್ಲ. ಅಪ್ಪನ ಎದುರಿಗೇ ಆ ಗಿರಾಕಿಗೆ ಫೋನು ಮಾಡಿ ಕೇಳಿದೆ. ದನಿ ಅಪ್ಪನಿಗೂ ಕೇಳಿಸಲಿ ಅಂತ ಸ್ಪೀಕರು ಹಾಕಿದೆ.

"ನೀರಾ? ಏನ್ ಮಾತು ಅಂತ ಆಡ್ತೀರಿ ಶಂಕರ್ ಅವ್ರೇ" ಅಂದ ಅವನು. "ದೊಡ್ಡಮನೆ ಮಗ ಅಲ್ವರಾ? ಕೈ ಇಡ್ಕಂಡು ಒಳಿಕ್ ಕರ್ಕಂಡೋಗಿ ಕಾಪಿ ಕೊಟ್ರು."

ಫೋನು ಇಟ್ಟೆ. ಅಪ್ಪ ತನ್ನ ಹಿಮ್ಮಡಿಯನ್ನು ನೋಡುತ್ತಾ ಕೂತ. ಒಡಕಿನೊಳಗೆ ಹಳೆಯ ಮಣ್ಣು ಇನ್ನೂ ಕರ್ರಗೆ ಕೂತಿತ್ತು.

"ಅವ್ನೂ ಸಾವೇ ತಾನೇ ತಕಂಡ್ ಓಗಿದ್ದು" ಅಂದ. "ಅವ್ನೂ ಮನ್ಸನೇ ತಾನೇ." ಆಮೇಲೆ ನನ್ನ ಮುಖ ನೋಡಿದ. "ಅಂಗಾರೆ ನಲ್ವತ್ತೊರ್ಸ ನನ್ ಇಂದೆ ಉಯ್ದ ನೀರು ಯಾತುಕ್ಲಾ ಮಗಾ?"